ಮೊಸಳೆಯಾಟ ನಿಲ್ಲಿಸಿದ ಕ್ರೀಡಾಧಿಕಾರಿಗಳಿಗೆ

ಮಾನ್ಯ ಕ್ರೀಡಾಧಿಕಾರಿಗಳೇ,

ನೀವು ನನ್ನ ಮಗಳಿಗೆ ಮೋಸ ಮಾಡಿದ್ದೀರಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಾನು ಹಲ್ಲಿನ ಡಾಕ್ಟರು, ನೋವಿರುವ ಹಲ್ಲನ್ನೇ ಮೊದಲು ಮುಟ್ಟುವುದು ನನ್ನ ಅಭ್ಯಾಸ.

ಚಿಕ್ಕ ಮಕ್ಕಳ ಫುಟ್‌ಬಾಲ್ ತರಬೇತಿ ಶುರುವಾದ ದಿನ ಪೋಷಕರ ಮುಂದೆ ಆಡಿದ ಮಾತು ನಿಮಗೆ ಮರೆತಿರಬಹುದು. 'ಮಕ್ಕಳನ್ನ ನಮಗೆ ಕೊಡಿ, ನಗ್ತಾ ನಗ್ತಾ ಮನೆಗೆ ಬರ್ತಾರೆ' ಅಂದಿರಿ. ಅಂದಂತೆಯೇ ನಡೆಯಿತು. ಮಕ್ಕಳು 'ಬಾಲ್ ಅಕ್ಕ' ಎಂದು ಕರೆಯುವ ತರಬೇತುದಾರರು ಪ್ರತಿ ಮಗುವಿಗೂ ಒಂದೊಂದು ಚೆಂಡು ಕೊಟ್ಟು ಮೊಸಳೆಯಾಟ ಆಡಿಸುತ್ತಿದ್ದರು. ಮೈದಾನದ ನಡುಭಾಗವೇ ಹೊಳೆ, ಅಕ್ಕನೇ ಮೊಸಳೆ. ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಹೊಳೆ ದಾಟಬೇಕು; ಮೊಸಳೆ ಚೆಂಡು ಕಸಿದರೆ ಆ ಮಗುವೂ ಮೊಸಳೆ. ಸೋತವರು ಹೊರಗೆ ಕೂರುವ ಮಾತೇ ಇಲ್ಲ. ಒಮ್ಮೆ ನೀವೂ ಪಾಲಿಶ್ ಮಾಡಿದ ಬೂಟಿನಲ್ಲೇ ಮೊಸಳೆಯಾದಿರಿ. ಏಳು ವರ್ಷದ ನನ್ನ ಮಗಳು, ಮನೆಯಲ್ಲಿ ನಾವು ಪಟಾಕಿ ಎನ್ನುವವಳು, ನಿಮ್ಮ ಕಾಲುಗಳ ನಡುವೆಯೇ ಚೆಂಡು ತೂರಿಸಿದಳು. ಹೊಟ್ಟೆ ಹಿಡಿದು ನಕ್ಕವರಲ್ಲಿ ನೀವೇ ಮೊದಲಿಗರು. ಅಂದು ನಾನು ನಿಮ್ಮನ್ನು ನಂಬಿದೆ.

ಆಮೇಲೆ ನಿಮ್ಮ ಮೇಲಿನವರು ಪರಿಶೀಲನೆಗೆ ಬಂದರು. ಬೇಲಿಯಾಚೆ ನಾನೂ ನಿಂತಿದ್ದೆ. ಗಲಾಟೆ ಕೇಳಿ ಅವರಲ್ಲೊಬ್ಬರು, 'ಇದೇನ್ರೀ, ತರಬೇತಿನೋ ಸಂತೆನೋ?' ಎಂದರು. ಆಗ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ನಮ್ಮ ಪಟಾಕಿಯೇ. 'ಮಕ್ಕಳು ಕಲಿಯುವುದೇ ಹೀಗೆ' ಎಂಬ ಒಂದು ಮಾತು, ಪಾಪ, ನಿಮ್ಮ ಬಾಯಿಂದ ಹೊರಡಲಿಲ್ಲ. ಹೊರಟದ್ದು ಬೇರೆ: 'ಏಯ್, ಯಾರದು ಹಲ್ಲು ಕಿರಿಯೋದು? ಎಲ್ಲಾ ಲೈನಲ್ಲಿ ನಿಂತ್ಕೊಳ್ಳಿ!'

ಮರುದಿನದಿಂದ ಚೆಂಡುಗಳೆಲ್ಲ ಉಗ್ರಾಣಕ್ಕೆ. ಈಗ ಒಂದೇ ಚೆಂಡು, ಒಂದೇ ಸಾಲು. ಒಮ್ಮೆ ಒದ್ದು ಸಾಲಿನ ತುದಿಗೆ ಹೋಗಬೇಕು; ಮತ್ತೆ ಸರದಿ ಬರುವಷ್ಟರಲ್ಲಿ ಮಕ್ಕಳು ಹುಲ್ಲು ಕಿತ್ತು, ಆಕಳಿಸಿ, ಷೂ ಲೇಸು ಬಿಚ್ಚಿ ಕಟ್ಟಿ ಮುಗಿಸಿರುತ್ತಾರೆ. ಚೆಂಡೇ ಸಿಗದಿದ್ದರೆ ಕಾಲು ಕಲಿಯುವುದಾದರೂ ಏನನ್ನು? ಸಾಲಲ್ಲಿ ನಿಲ್ಲುವುದೇ ತರಬೇತಿಯಾದರೆ, ಬ್ಯಾಂಕಿನ ಕೌಂಟರಿನ ಮುಂದೆ ನಿಲ್ಲುವ ನಾವೆಲ್ಲ ಇಷ್ಟು ಹೊತ್ತಿಗೆ ದೊಡ್ಡ ಆಟಗಾರರಾಗಬೇಕಿತ್ತು. ಕಚೇರಿಗೆ ಬಂದು ಕೇಳಿದರೆ, 'ಡಾಕ್ಟ್ರೇ, ನಿಮ್ಮ ಹಲ್ಲು ನೀವು ನೋಡ್ಕೊಳ್ಳಿ, ಮೈದಾನ ನಾನು ನೋಡ್ಕೋತೀನಿ' ಎಂದಿರಿ. ಸರಿ, ಹಲ್ಲಿನ ವಿಷಯವನ್ನೇ ಹೇಳುತ್ತೇನೆ.

ಮೊನ್ನೆ ಪಟಾಕಿಯ ಮುಂದಿನ ಹಲ್ಲು ಬಿತ್ತು. ಓಡಿ ಬಂದು ತೋರಿಸಬೇಕಾದವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. 'ಕೈ ತೆಗಿ ಪುಟ್ಟಾ. ನೋವಾ?' ಎಂದೆ.

'ಇಲ್ಲಪ್ಪ, ನಗು ಬರ್ತಿದೆ. ನಾನು ನಕ್ಕಿದ್ದಕ್ಕೇ ತಾನೇ ಮೊಸಳೆಯಾಟ ನಿಂತಿದ್ದು? ಎಲ್ಲರ ಆಟಾನೂ ನಾನೇ ಹಾಳು ಮಾಡಿದೆ.'

ನನ್ನ ಕುರ್ಚಿಯಲ್ಲಿ ಹೆದರಿ ಬಾಯಿ ಮುಚ್ಚುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ನಗುವುದಕ್ಕೆ ಹೆದರಿ ಬಾಯಿ ಮುಚ್ಚಿದ ಮಗುವನ್ನು ಕಂಡದ್ದು ಇದೇ ಮೊದಲು, ಅದೂ ನನ್ನ ಮನೆಯಲ್ಲಿ. 'ನಿನ್ನ ತಪ್ಪಲ್ಲ ಕಣೇ' ಎಂದು ಎಷ್ಟು ಹೇಳಿದರೂ ಅವಳು ನಂಬುತ್ತಿಲ್ಲ. ಅಪ್ಪನ ಸಮಾಧಾನಕ್ಕಿಂತ ಅಧಿಕಾರಿಯ ಗದರಿಕೆಗೇ ತೂಕ ಹೆಚ್ಚು.

ಆದ್ದರಿಂದ ಉಗ್ರಾಣದ ಬೀಗ ತೆಗೆಸಿ, ಬಾಲ್ ಅಕ್ಕನಿಗೆ ಅವರ ಆಟ ಬಿಟ್ಟುಕೊಡಿ. ಅದಕ್ಕೂ ಮೊದಲು ಮೈದಾನಕ್ಕೆ ಬಂದು, ಸಾಲಿನಲ್ಲಿ ನಿಂತ ಅಷ್ಟೂ ಮಕ್ಕಳ ಎದುರಿಗೆ, ಆಟ ನಿಲ್ಲಿಸಿದ್ದು ಅವಳ ನಗುವಲ್ಲ, ನಿಮ್ಮ ಹೆದರಿಕೆ ಎಂದು ನನ್ನ ಮಗಳಿಗೆ ನೀವೇ ಹೇಳಿ. ನನಗೆ ನಿಮ್ಮ ಕ್ಷಮೆ ಬೇಡ. ಅವಳು ಬಾಯಿಂದ ಕೈ ತೆಗೆಯಬೇಕು, ಅಷ್ಟೇ.

ಇಂತಿ,
ಊರ ಮಕ್ಕಳ ಬಾಯಿ ತೆರೆಸಿ, ಸ್ವಂತ ಮಗಳ ಮುಂದೆ ಸೋತ
ಹಲ್ಲಿನ ಡಾಕ್ಟರು