ಲಕ್ಷ್ಮಿಗೆ ಕಟ್ಟಿಸಿದ ಪುಂಡಿಪಲ್ಯ

ಮೂಡಲಪಾಳ್ಯ, ಬೆಂಗಳೂರು
೯ ಜನವರಿ ೨೦೨೫

ಪ್ರೀತಿಯ ಲಕ್ಷ್ಮಿ ಅಕ್ಕಾ,

ನಿನ್ನ ತಮ್ಮ ಕೊಟ್ರೇಶನ ನಮಸ್ಕಾರ. ಹೇಗಿದ್ದೀ? ಗಿರಿರಾಜ್ ಮಾಮ ಆರಾಮವೇ? ಮಗುವಿಗೆ ಹಲ್ಲು ಬಂದವೇ? ಚಳಿಗೆ ನಿನಗೆ ಕೆಮ್ಮು ಹೆಚ್ಚಾಗುತ್ತದೆ, ಜೋಪಾನ. ಅವ್ವ ನಿನ್ನ ಮದುವೆಗೆ ಬರಲಿಲ್ಲವೆಂಬ ಸಿಟ್ಟಿಗೆ ನೀನು ನನ್ನ ಫೋನನ್ನೂ ಎತ್ತುತ್ತಿಲ್ಲ. ಕಾಗದವನ್ನಾದರೂ ಒಡೆದು ಓದೀಯೆಂದು ಬರೆಯುತ್ತಿದ್ದೇನೆ.

ಅವ್ವ ಈಗ ನನ್ನ ಜೊತೆಗಿದ್ದಾಳೆ. ದೀಪಾವಳಿಯ ಹೊತ್ತಿಗೆ ಅವಳ ದನಿ ಒಡೆಯಿತು. ಶೀತವೆಂದು ಊರಲ್ಲೇ ಕಷಾಯ ಕುಡಿಯುತ್ತಾ ಕೂತಿದ್ದಳು. ಇಲ್ಲಿಗೆ ಕರೆತಂದು ತೋರಿಸಿದರೆ ಗಂಟಲಲ್ಲಿ ಗಡ್ಡೆ ಎಂದರು. ಕೆಟ್ಟ ಗಡ್ಡೆಯೇ, ಅಕ್ಕಾ. ೨೨ರ ಬುಧವಾರ ಆಪರೇಷನ್. ಗಂಜಿ ಕುಡಿದು ಕುಡಿದು ಬೇಸತ್ತು ಮೊನ್ನೆ ರೊಟ್ಟಿ ಬೇಕೆಂದಳು. ನಾನು ಬಡಿದ ರೊಟ್ಟಿಯನ್ನು ನಾಯಿಯೂ ಮೂಸುವುದಿಲ್ಲ, ನಿನಗೆ ಗೊತ್ತೇ ಇದೆ. ಅದಕ್ಕೇ ಚಂದ್ರಾ ಲೇಔಟಿನಲ್ಲಿ ಬಿಸ್ಟ್ರೋ ಎಂದು ಕರೆಯುವ ಹೊಸ ಹೋಟೆಲಿಗೆ ಕರೆದೊಯ್ದೆ. ಅಲ್ಲಿಗೆ ಜೋಳ, ಗುರೆಳ್ಳು, ಹುಳಿ ಪುಂಡಿಸೊಪ್ಪು ಎಲ್ಲವೂ ನಮ್ಮ ಉತ್ತರ ಕರ್ನಾಟಕದ ಕಡೆಯಿಂದಲೇ ಬರುತ್ತವೆ. ದಿನಾ ಅಲ್ಲಿಂದ ಊಟ ಒಯ್ದು ಮನೆಮನೆಗೆ ಮುಟ್ಟಿಸುವವನು ನಾನು. ಒಳಗೆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅವ್ವ ನೀನು ಬಲ್ಲ ಆ ಹಸಿರು ಇಳಕಲ್ ಸೀರೆ ಉಟ್ಟಿದ್ದಳು.

ಆದರೆ ಮೊದಲ ತುತ್ತೇ ಗಂಟಲಲ್ಲಿ ನಿಂತಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಪಕ್ಕದ ಟೇಬಲ್ಲಿನವರು ಕುರ್ಚಿ ಅತ್ತ ಸರಿಸಿಕೊಂಡರು. ಬಡಿಸುತ್ತಿದ್ದ ಹುಡುಗಿ ಓಡಿಬಂದು, "ಆಂಟಿ, ಕಷ್ಟಪಡ್ಬೇಡಿ, ಬಿಸಿ ಅಂಬಲಿ ತರ್ತೀನಿ ಇರಿ" ಎಂದು ಬೆನ್ನು ನೇವರಿಸಿದಳು. ಅಂಬಲಿ ಎರಡು ಗುಟುಕು ಇಳಿಯಿತು. ಆಮೇಲೆ ಅವ್ವ ಪುಂಡಿಪಲ್ಯವನ್ನು ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಸವಿದಳು.

"ಲಕ್ಷ್ಮಿಗಿ ಪುಂಡಿಪಲ್ಯ ಅಂದ್ರ ಜೀವ. ಆಕಿಗೊಂದಿಷ್ಟು ಕಟ್ಟಿಸ್ಕೊ" ಎಂದಳು.

ನಿನ್ನ ಮದುವೆಯಾದಂದಿನಿಂದ ಅವಳ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಅದೇ ಮೊದಲು. "ಗಂಗಾವತಿ ಮುಟ್ಟೂದ್ರಾಗ ಹಳಸ್ತೈತಿ ಅವ್ವಾ" ಎಂದೆ. "ಹಳಸಲಿ. ಕಟ್ಟಿಸ್ಕೊ ನೀ" ಎಂದಳು. ಕಟ್ಟಿಸಿದೆ. ಮನೆಯವರೆಗೂ ಬೈಕಿನ ಹಿಂದೆ ಆ ಪೊಟ್ಟಣವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಇಳಿದ ಮೇಲೆ, "ಆಕಿ ಮುಂದ ಒಂದು ಮಾತು ಹೇಳೂದೈತಿ" ಎಂದಳು. ಏನೆಂದು ಕೇಳಿದರೆ, "ನಿನಗ್ಯಾಕ? ಆಪರೇಷನ್ ಮುಗಿಸ್ಕೊಂಡು ಗಂಗಾವತಿಗೆ ಹೋಗಿ, ಆಕಿ ಮುಂದ ಕುಂತು ನಾನೇ ಹೇಳ್ತೀನಿ" ಎಂದು ಒಳಗೆ ಹೋಗಿ ಮಲಗಿದಳು. ನಾನು ಆ ಪೊಟ್ಟಣವನ್ನು ತೆಗೆದಿಟ್ಟೆ.

ಮಾಮನಿಗೆ ನಮಸ್ಕಾರ ತಿಳಿಸು. ಮಗುವಿಗೆ ಈ ಮಾಮನ ಒಂದು ಮುತ್ತು.

ನಿನ್ನ ತಮ್ಮ,
ಕೊಟ್ರೇಶ

ಮರೆತ ಮಾತಲ್ಲ ಅಕ್ಕಾ, ಮೇಲೆ ಬರೆಯಲು ಕೈ ಬರಲಿಲ್ಲ: ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಅವ್ವನಿಗೆ ಮಾತು ಇರುವುದಿಲ್ಲ. ಅವಳಿಗೆ ತಿಳಿಸುವಂತೆ ಡಾಕ್ಟರು ನನಗೆ ಹೇಳಿದ್ದಾರೆ, ನನ್ನಿಂದ ಆಗುತ್ತಿಲ್ಲ. ಅವಳಿಗೆ ಓದು ಬರಹವೂ ಬಾರದು. ೨೨ರ ಬುಧವಾರಕ್ಕೆ ಮೊದಲೇ ಬಾ.