ನಿನ್ನ ಬೂಟು ನಾನು ಸಡಿಲಿಸುವುದಿಲ್ಲ

ತಮ್ಮಾ,

ಅಕ್ಕ ತೀರಿಕೊಂಡಳೆಂದು ಆಸ್ಪತ್ರೆಯಿಂದ ಫೋನ್ ಬಂದ ದಿನ, ನಾನು ಅಂಗಡಿಯಲ್ಲಿ ಅವಳ ಚಪ್ಪಲಿಯ ಪಟ್ಟಿಯನ್ನು ಮೂರನೆಯ ಸಲ ಸಡಿಲಿಸುತ್ತಿದ್ದೆ. “ಚರ್ಮ ಕುಗ್ಗಿದೆ ಕಣೋ” ಎಂದಿದ್ದಳು. ಚಪ್ಪಲಿ ಹೊಲಿಯುವ ನಾನು ಚಪ್ಪಲಿಯನ್ನೇ ನೋಡಿದೆ, ಊದಿದ ಕಾಲನ್ನು ನೋಡಲಿಲ್ಲ. ಹೃದಯ ಸೋತು ಮೈಯಲ್ಲಿ ನೀರು ನಿಂತಿತ್ತೆಂದು ಡಾಕ್ಟರು ಆಮೇಲೆ ಹೇಳಿದರು.

ಈಗ ನೀನೂ ಬೂಟು ಸಡಿಲಿಸೆಂದು ತಂದಿಟ್ಟಿದ್ದೀಯ. ಅದನ್ನು ಮುಟ್ಟುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. “ವಯಸ್ಸಾಯ್ತು ಬಿಡಣ್ಣ” ಎಂಬ ಹಳೇ ರಾಗ ಇವತ್ತು ಬೇಡ.

ಆಸ್ಪತ್ರೆಯಲ್ಲಿ ಸರತಿ ಹಿಡಿಯಲು ಹೋಗುತ್ತಿದ್ದೇನೆ. ಹತ್ತಕ್ಕೆ ಗಾಡಿ ಮಾಡಿಕೊಂಡು ಬಾ, ಮೆಟ್ಟಿಲು ಹತ್ತಬೇಡ. ಹೃದಯದ ಬಲ ಕುಂದಿದೆಯೋ, ಅದರ ಗೋಡೆ ಗಡುಸಾಗಿದೆಯೋ ಎಕೋ ಪರೀಕ್ಷೆಯಲ್ಲಿ ತಿಳಿಯುತ್ತದಂತೆ. ನನ್ನ ಅಗಲದ ಚಪ್ಪಲಿ ಮೆಟ್ಟಿಕೊ.

ದೇವರೇ, ನನ್ನ ಕುರುಡುತನವನ್ನು ಮನ್ನಿಸು. ದಣಿದು ಬಂದ ನಮ್ಮಕ್ಕನಿಗೆ ನಿನ್ನ ಬಳಿ ನೆಮ್ಮದಿಯಿರಲಿ.