ಐದು ಬರಹ, ಒಬ್ಬ ಸಾಕ್ಷಿ

ಮಾರ್ಚ್ ೪, ಮಂಗಳವಾರ

ನಾಲ್ಕನೇ ಪುಸ್ತಕವೂ ಓದಿ ಮುಗಿಯಿತು. ಅದೇ ಮಾತು. ೭೧ರ ಯುದ್ಧದಲ್ಲಿ ನಮ್ಮ ಒಂದು ಸ್ಕ್ವಾಡ್ರನ್ನಿನ ಫೈಟರ್ ಪೈಲಟ್‌ಗಳಿಗೆ ಲಿಖಿತ ಆರ್ಡರ್ ಬಂದಿತ್ತಂತೆ — ಪ್ಯಾರಾಚೂಟ್‌ನಲ್ಲಿ ಇಳಿಯುವ ಶತ್ರುವನ್ನೂ ಬಿಡಬೇಡಿ, ಗುಂಡು ಹಾರಿಸಿ. ಕಂಡವನು ‘ಒಬ್ಬ ಕ್ಲರ್ಕ್’. ಕಾಗದ ಯಾರ ಹತ್ತಿರವೂ ಇಲ್ಲ.

ಹೊಸ ಪುಸ್ತಕವೊಂದರಲ್ಲೂ ಇದು ಬರುತ್ತಿದೆ. ಸಂಪಾದಕ ತಿರುಮಲೇಶನಿಗೆ ‘ಪರಿಶೀಲಿಸಲಾಗಿದೆ’ ಎಂದು ನನ್ನ ಸಹಿ ಬೇಕು. ಹತ್ತೊಂಬತ್ತು ವರ್ಷ ಇನ್ಶೂರೆನ್ಸ್ ಕ್ಲೇಮ್ ತನಿಖೆ ಮಾಡಿ, ಈಗ ಪುಸ್ತಕಗಳ ನಿಜ-ಸುಳ್ಳು ಪರಿಶೀಲಿಸುವವಳು ನಾನು. ಸಾಕ್ಷಿಗೆ ಮೊದಲ ಪ್ರಶ್ನೆ — ಕಂಡಿದ್ದೋ, ಕೇಳಿದ್ದೋ?

ಮಾರ್ಚ್ ೬

ಚೆನ್ನೈನ ಬಿಸಿಲಲ್ಲಿ ಕ್ರೋಂಪೇಟೆಯಿಂದ ಟ್ರೈನ್, ಎಗ್ಮೋರ್, ಲೈಬ್ರರಿ. ಎಲ್ಲಕ್ಕಿಂತ ಹಳೆಯದು ಸಿಕ್ಕಿತು, ೧೯೯೮ರ ಪತ್ರಿಕೆ. ನಾಲ್ಕೂ ಪುಸ್ತಕ ಇದನ್ನೇ ನಕಲು ಹೊಡೆದಿವೆ. ಇದರಲ್ಲಿ ಕ್ಲರ್ಕ್‌ನ ಹೆಸರೂ ಇದೆ. ಪರಮೇಶ್ವರಪ್ಪ.

ನನ್ನ ಅಪ್ಪ.

ಮಾರ್ಚ್ ೭, ಬೆಳಿಗ್ಗೆ

ಏರ್‌ಫೋರ್ಸಿನಲ್ಲಿ ಕ್ಲರ್ಕ್ ಆಗಿ ನಿವೃತ್ತರಾದ ಅಪ್ಪನಿಗೆ ಕಾಫಿ ಕೊಟ್ಟು ಕೇಳಿದೆ. ಪೇಪರಿನವನೊಬ್ಬ ಟ್ರೈನಿನಲ್ಲಿ ಸಿಕ್ಕಿದ್ದನಂತೆ, ಏನೋ ಹೇಳಿದರಂತೆ. ಆರ್ಡರ್ ಕಂಡಿರಾ ಅಂದೆ.

“ನಾ ಎಲ್ಲಿ ಕಂಡೆ ಬುಡವ್ವ. ಮೆಸ್ನಾಗೆ ಹುಡುಗ್ರು ಮಾತಾಡ್ತಿದ್ರು, ಕೇಳಿದ್ದೆ ಅಷ್ಟೆ.”

ಐದು ಕಡೆ ಅಚ್ಚಾಗಿದೆ ಅಂದೆ. ಅಪ್ಪನ ಮುಖ ಅರಳಿತು. ಹೇಳಬಾರದಿತ್ತು.

ಮಾರ್ಚ್ ೧೬

ಅಪ್ಪ ಇಡೀ ಅಪಾರ್ಟ್‌ಮೆಂಟಿಗೆ ಸಾರಿಬಿಟ್ಟಿದ್ದಾರೆ. ಕತೆಯೂ ಬೆಳೆದಿದೆ. ಈಗ ಆರ್ಡರನ್ನು ಟೈಪ್ ಮಾಡಿದ್ದೇ ಅವರು! ಅಸೋಸಿಯೇಷನ್‌ನವರು ಶಾಲು ಹೊದಿಸುತ್ತಾರಂತೆ. ನನ್ನನ್ನು ಕೇಳದೆ ತಿರುಮಲೇಶನಿಗೂ ಫೋನ್ ಹೋಗಿದೆ. ಅವನಿಗೆ ಹಬ್ಬ.

“ಐ-ವಿಟ್ನೆಸ್ಸೇ ಮನೇಲಿದಾರೆ ಮೇಡಂ. ಸೈನ್ ಪಣ್ಣಿಡುಂಗ, ಒಂದು ಸಹಿ ಹಾಕಿಬಿಡಿ, ಮುಗೀತು.”

ಆಗಲ್ಲ ಅಂದೆ. ಹಾಗಾದರೆ ಇನ್ನು ಮುಂದೆ ಕೆಲಸ ಕಳಿಸುವುದು ಕಷ್ಟ ಅಂದ, ತುಂಬ ಮೆತ್ತಗೆ. ಕಳಿಸಬೇಡ ಹೋಗು. ಆ ಸ್ಕ್ವಾಡ್ರನ್ನಿನವರು ಇಬ್ಬರು ಮೂವರು ಇನ್ನೂ ಬದುಕಿದ್ದಾರೆ. ಒಂದು ಶಾಲಿಗೋಸ್ಕರ ಅವರು ಕೊಲೆಗಡುಕರು ಅನ್ನಿಸಿಕೊಳ್ಳಬೇಕೆ?

ಮಾರ್ಚ್ ೧೮

ಬೀರುವಿನಿಂದ ಅಪ್ಪನ ಸರ್ವಿಸ್ ಬುಕ್ ತೆಗೆದೆ. ಯುದ್ಧ ಡಿಸೆಂಬರಿನಲ್ಲಿ. ಆಗ ಅಪ್ಪ ರೇಷನ್ ಸ್ಟೋರಿನಲ್ಲಿ. ಟೈಪಿಂಗ್ ಪಾಸಾದದ್ದು ಮರುವರ್ಷ ಜೂನ್. ಪುಟ ಮುಂದಿಟ್ಟೆ. ಕನ್ನಡಕ ಏರಿಸಿ ಓದಿದರು.

“ನೀನು ನನ್ ಮಗಳೋ, ಪೊಲೀಸೋ?”

“ಇವತ್ತು ಪೊಲೀಸೇ ಅಂದ್ಕೊಳ್ಳಿ.”

ಊಟಕ್ಕೆ ಬರಲಿಲ್ಲ. ನನಗೂ ಸೇರಲಿಲ್ಲ. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ, ನಿಜ. ಆದರೆ ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ.

ಮಾರ್ಚ್ ೧೯, ಬೆಳಿಗ್ಗೆ ೧೦

ಅಪ್ಪ ಹಟ ಬಿಟ್ಟಿಲ್ಲ. ತಿರುಮಲೇಶನಿಗೆ ಬರೆದೇ ಕೊಟ್ಟಿದ್ದಾರೆ — ಆರ್ಡರ್ ಕಣ್ಣಾರೆ ಕಂಡೆ, ಕೈಯಾರೆ ಟೈಪ್ ಮಾಡಿದೆ, ಕೆಳಗೆ ಸಹಿ. ಸರಿ. ನಾನೂ ಬರೆಯುತ್ತೇನೆ. ಒಂದು ಪ್ರತಿ ಹೊಸ ಪುಸ್ತಕದ ಪ್ರಕಾಶಕರಿಗೆ, ಇನ್ನೊಂದು ಆ ಐದನ್ನೂ ಅಚ್ಚು ಹಾಕಿದವರಿಗೆ.

‘ಸಾಕ್ಷಿ ಒಬ್ಬರೇ. ನನ್ನ ತಂದೆ. ಆರ್ಡರನ್ನು ಅವರು ಕಂಡಿಲ್ಲ. ದಾಖಲೆ ಲಗತ್ತಿಸಿದೆ. ಅವರ ಲಿಖಿತ ಹೇಳಿಕೆ...’

ಹಾಲ್‌ನಿಂದ ಕೂಗುತ್ತಿದ್ದಾರೆ, ಬಿಪಿ ಮಾತ್ರೆ ಎಲ್ಲಿ ಅಂತ. ನಿನ್ನೆಯಿಂದ ಇದೇ ಮೊದಲ ಮಾತು. ಕೊಡುತ್ತೇನೆ ಅಪ್ಪ, ಒಂದು ನಿಮಿಷ. ಇನ್ನೊಂದೇ ಪದ ಬಾಕಿ. ಅದನ್ನು ಬರೆದೇ ಏಳುತ್ತೇನೆ. ‘ಸುಳ್ಳು.’